ಎರಡ ಗೇರು

ಕೊಬ್ಬರಿ ಎಣ್ಣಿ ಬಾಟಲಿಯೊಳಗ ಬೆಳ್ಳಗ ಹೆಪ್ಪಾತಂದ್ರ
ಐತವಾರದ ತನಕ ಕಾಯಬ್ಯಾಡ, ಅಂದಿದ್ರು ಇವರು.
ಅವತ್ತ ಗಾಡಿ ಚಾಲೂ ಮಾಡು.

ಮೊದಲ ಬಾನೆಟ್ಟಿಗೆ ಅಂಗೈಲೆ ಎರಡ ಪೆಟ್ಟು.
ಗಾಳಿ ತಾಗಬಾರದಂತ ಭರಮವ್ವನ ಬೆಕ್ಕು
ಎಂಜಿನ್ನಿನ ಸಂದಿಯೊಳಗ ಮಲಗಿರತೈತಿ.
ಎದ್ದು, ಮೈ ಮುರದು, ನನ್ನ ಒಂದ ಸಲ ನೋಡಿ,
ಬಾಡಗಿ ಬಾಕಿ ಇದ್ದವರಂಗ ಸುಮ್ಮನ ಇಳದ ಹೋಗತೈತಿ.

ಹತ್ತನೇ ನಂಬರಿನ ಪಾನಾ ಮಸಾಲಿ ಡಬ್ಬಿ ಹಿಂದ ಐತಿ.
ಬಿಚ್ಚಿಟ್ಟ ಮೈನಸ್ ವಾಯರು ಹಚ್ಚಬೇಕು, ಬಿಗಿಬೇಕು.
ಬ್ಯಾಟರಿ ಕಿವಿಗೆ ಬಿಳಿ ಉಪ್ಪು ಬೆಳದಿದ್ರ
ಬಿಸಿನೀರು ಹಾಕು, ಹಳೇ ಬ್ರಶ್ಶಿಲೆ ತಿಕ್ಕು,
ವ್ಯಾಸಲೀನ ಸವರು, ಒಡದ ಹಿಮ್ಮಡಕ್ಕ ಸವರಿದಂಗ.
ಒಂದ ಡಬ್ಬಿ. ಅದಕ್ಕೂ ಅದ, ನನಗೂ ಅದ.

ಹದಿನಾಲ್ಕ ಗಾಲಿ ಲಾರಿ ನಡಸಾವರು ಇವರು.
ಪನವೇಲದಿಂದ ಹೊಸೂರು, ಹೊಸೂರಿನಿಂದ ಪನವೇಲ.
ಹನ್ನೆರಡ ದಿನಕ್ಕೊಮ್ಮೆ ವಡಗಾವಿಗೆ ಬಂದ್ರ
ಸ್ಟೇರಿಂಗ್ ಅನ್ನೂದು ಕಣ್ಣಿಗೇ ಬೀಳಬಾರದು.
ಪ್ಯಾಟಿಗೆ ರಿಕ್ಷಾ. ಮದವಿಗೆ ಬಸ್ಸು,
ಅದೂ ಕಿಡಕಿ ಸೀಟು, ಕಣ್ಣ ಮುಚ್ಚಿ.
ಹಂಗಾರ ಈ ಎಂಟನೂರು ಯಾಕ ತಗೊಂಡ್ರಿ, ಅಂತ ಕೇಳಿದ್ದೆ.
ಲಾರಿ ಸೇಟಂದು.
ನಮ್ಮದೂ ಅಂತ ಒಂದ ಇರಲಿ, ಅಂದ್ರು.

ಕೊಗನೊಳ್ಳಿ ನಾಕಾದಾಗ ನಿಂತು ಫೋನ್ ಮಾಡ್ತಾರ.
ಊಟ ಆತೇನು, ಕೆಮ್ಮ ಕಡಿಮಿ ಆತೇನು, ಅವೆಲ್ಲ ಇಲ್ಲ.
ಚಾಲೂ ಆತೇನು?
ಆತು.
ಎಷ್ಟನೇ ಸಲಕ್ಕ?
ಮೂರನೇದಕ್ಕ.
ಥಂಡಿ ಭಾಳ ಐತಿ ಅಲ್ಲ, ಅಂತಾರ.
ನಾ ಎದ್ದು ಶಾಲು ಹೊತಗೋತೀನಿ.

ಚೋಕ್ ಪೂರಾ ಎಳಿ. ಗರ್ ಗರ್ ಅಂದು ನಿಂತ್ರ
ಹತ್ತ ಎಣಿಸು. ಸಿಟ್ಟಿಗೇಳಬ್ಯಾಡ, ಅದಕ್ಕೂ ಮುಂಜಾನೆ.
ಶೆಡ್ಡಿನ ಬಾಗಲಾ ಪೂರಾ ತಗದಿಡು, ಹೊಗಿ ಹೋಗಲಿ.
ಹ್ಯಾಂಡ್‌ಬ್ರೇಕ್ ಬ್ಯಾಡ, ಥಂಡಿಗೆ ಕಚ್ಚಿಕೊಂಡ ಬಿಡತೈತಿ,
ಗಾಲಿಗೆ ಇಟ್ಟಂಗಿ ಕೊಡು.
ಪ್ಲಾಸ್ಟಿಕ್ ಹೊಚ್ಚಬ್ಯಾಡ, ಒಳಗ ಬೆವರತೈತಿ.
ಹಳೇ ಶಹಾಪುರ ಸೀರಿ ಎರಡು ಕೂಡಿಸಿ ಹೊಲದೀನಿ.
ಅಂಚು ಬಾನೆಟ್ಟಿಗೆ ಬರತೈತಿ, ಸೆರಗು ಡಿಕ್ಕಿಗೆ.

ನಿಂತಲ್ಲೇ ನಿಂತ್ರ ಟೈರು ಚಪ್ಪಟಿ ಆಗತಾವ.
ಒಂದ ಮೊಳ ಮುಂದ, ಒಂದ ಮೊಳ ಹಿಂದ.
ಅಷ್ಟಕ್ಕಂತ ದಸ್ತಗೀರ ಮಿಸ್ತ್ರಿ ನನಗ ಕಲಿಸಿದ್ದು ಎರಡ ಗೇರು:
ಒಂದನೇದು, ಮತ್ತ ರಿವರ್ಸು.
ಒಮ್ಮೆ ಲೆಕ್ಕಾ ಹಾಕಿ ನೋಡಿದೆ.
ನಾಕ ವರ್ಷದ ಮೊಳ ಎಲ್ಲಾ ಕೂಡಿಸಿದ್ರೂ
ನಮ್ಮ ಓಣಿ ಕೊನಿ ಮುಟ್ಟಿರಲಿಲ್ಲ.

ಮೊನ್ನೆ ಮಂಗಳವಾರ ಎಣ್ಣಿ ಕಲ್ಲಾಗಿತ್ತು.
ಒಂದನೇ ಸಲಕ್ಕ ಚಾಲೂ ಆತು, ಯಾರೋ ಒಳಗ ಕಾಯಕೋತ ಕೂತವರಂಗ.
ಬಾಗಲಾ ತಗದಿತ್ತು. ಓಣಿ ತುಂಬ ಮಂಜು.
ಮಗ್ಗ ಇನ್ನೂ ಯಾರದೂ ಎದ್ದಿರಲಿಲ್ಲ.
ಒಂದ ಮೊಳ ಆತು.
ಕಾಲು ಬ್ರೇಕಿಗೆ ಹೋಗಲಿಲ್ಲ.

ಯಳ್ಳೂರ ರೋಡು. ಒಂದನೇ ಗೇರು, ಎಂಜಿನ್ನು ಒದರತಿತ್ತು.
ಹಾಲಿನ ಸೈಕಲ್ಲು ನನ್ನ ದಾಟಿ ಹೋತು.
ಕಾಜಿಗೆ ಒಳಗಿಂದ ನನ್ನ ಉಸರ ಹತ್ತಿ
ಸೆರಗಿಲೆ ಒರಸಿದೆ, ಮತ್ತ ಒರಸಿದೆ.
ಕೊಯ್ದ ಭತ್ತದ ಗದ್ದಿ ಕೂಳಿ ಕೂಳಿಗೂ ಇಬ್ಬನಿ.
ಟ್ರ್ಯಾಕ್ಟರ್ ಒಂದು ಎದುರಿಗೆ ಬಂತು, ಮಗ್ಗಲಕ್ಕ ಮಣ್ಣಿಗಿಳಿಸಿ ನಿಂತೆ.
ತಿರುಗಿಸಲಿಕ್ಕ ಬರಲಿಲ್ಲ.
ಇನ್ನೊಂದ ಗೇರು ಗೊತ್ತಿತ್ತಲ್ಲ.
ಹೋದ ದಾರಿ ಪೂರಾ, ಹಿಂದ ಹಿಂದಕ್ಕ, ಮನಿ ತನಕ.

ಎರಡ ದಿನ ಕುತಗಿ ಹೊರಳಲಿಲ್ಲ.
ಎಷ್ಟನೇ ಸಲಕ್ಕ, ಅಂದ್ರು ರಾತ್ರಿ.
ಒಂದನೇದಕ್ಕ, ಅಂದೆ. ಅಷ್ಟ.

ನಿನ್ನೆ ಬಂದ್ರು. ಚಾ ಕುಡಿಯೂದಕಿಂತ ಮೊದಲ ಶೆಡ್ಡಿಗೆ.
ಸೀರಿ ಸರಿಸಿ, ಕುಕ್ಕರಗಾಲಿಲೆ ಕೂತು,
ಟೈರಿನ ಗೀರಿನಾಗ ಒಣಗಿದ ಯರಿ ಮಣ್ಣು
ಬೆರಳಿಲೆ ಬಿಡಿಸಿದ್ರು, ತಿಕ್ಕಿ ಪುಡಿ ಮಾಡಿದ್ರು, ಮೂಸಿದ್ರು.
ಚಪ್ಪಟಿ ಆಗಿಲ್ಲ, ಅಂದ್ರು.

ಆಮ್ಯಾಲ ಎಡಗಡಿ ಬಾಗಲಾ ತಗದು,
ಕಿಡಕಿ ಗಾಜು ಇಳಿಸಿ,
ಸೀಟಿಗೆ ತಲಿ ಆನಿಸಿ, ಕಣ್ಣ ಮುಚ್ಚಿದ್ರು.

ಇಟ್ಟಂಗಿ ತಗಿ, ಅಂದ್ರು.